'ಅಂತೆ' ಎಂಬ ಮಾತಿನ ಹೊಣೆ

ನಮ್ಮ ಮುಂಬಯಿಯ ಕನ್ನಡ ಸಂಘಗಳಲ್ಲಿ ಒಂದು ಒಳ್ಳೆಯ ವಾಡಿಕೆಯುಂಟು. ಸ್ನೇಹಸಮ್ಮೇಲನವಿರಲಿ, ಹೊಸ ಸದಸ್ಯರ ಸ್ವಾಗತವಿರಲಿ, ಬಂದವರು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಹೆಸರು, ಊರು, ಉದ್ಯೋಗ, ವಾಸದ ಸ್ಥಳಗಳನ್ನು ಹೇಳಿ, ಕೊನೆಗೆ ತಮ್ಮ ಆಸಕ್ತಿ ಯಾವುದರಲ್ಲಿ ಎಂಬುದನ್ನು ಒಂದು ಮಾತಿನಲ್ಲಿ ತಿಳಿಸಬೇಕು. ಸಂಗೀತ ಎಂದವರಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಾಟಕ, ಚದುರಂಗ, ಅಡುಗೆ, ಪ್ರವಾಸ ಎಂದವರಿಗೂ ಇಲ್ಲ. ಆದರೆ "ನನಗೆ ಐತಿಹ್ಯಗಳಲ್ಲಿ, ಜನಪದ ಕಥೆಗಳಲ್ಲಿ ಆಸಕ್ತಿ" ಎಂದು ಹೇಳಿ ಕುಳಿತುಕೊಂಡವನನ್ನು ಚಹದ ಹೊತ್ತಿಗೆ ಯಾರಾದರೂ ಬಂದು ಮಾತಾಡಿಸಿಯೇ ತೀರುತ್ತಾರೆ. ಒಬ್ಬರು, "ಹಾಗಾದರೆ ಅವನ್ನೆಲ್ಲ ನಂಬುತ್ತೀರಿ ಅನ್ನಿ" ಎನ್ನುತ್ತಾರೆ. ಇನ್ನೊಬ್ಬರು, "ಪಿಎಚ್.ಡಿ. ಮಾಡುತ್ತಿದ್ದೀರೇನು?" ಎಂದು ಕೇಳುತ್ತಾರೆ.

ನಾನು ಹೀಗೆ ಪರಿಚಯ ಹೇಳಿಕೊಳ್ಳುವವರಲ್ಲೊಬ್ಬ. ಓದಿದ್ದು ಬಿ.ಎಸ್ಸಿ., ಅದೂ ಭೌತಶಾಸ್ತ್ರ. ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಮೇಲಿನ ಎರಡು ಪ್ರಶ್ನೆಗಳಿಗೂ ನನ್ನ ಉತ್ತರ 'ಇಲ್ಲ' ಎಂದೇ. ನಂಬುವವನು ತನ್ನ ನಂಬಿಕೆಗಾಗಿ ಉಪವಾಸ ಮಾಡುತ್ತಾನೆ, ಹರಕೆ ಹೊರುತ್ತಾನೆ, ಜಾತ್ರೆಗೆ ನಡೆದುಹೋಗುತ್ತಾನೆ. ಸಂಶೋಧಕನು ಊರೂರು ತಿರುಗಿ ಪಾಠಾಂತರಗಳನ್ನು ಕೂಡಿಹಾಕಿ ವರ್ಷಗಟ್ಟಲೆ ಕಣ್ಣು ಸವೆಸುತ್ತಾನೆ. ಇಬ್ಬರೂ ಕಥೆಗಾಗಿ ಏನನ್ನೋ ತೆತ್ತವರು. ಆಸಕ್ತನೆನ್ನಿಸಿಕೊಂಡವನು ತೆತ್ತಿದ್ದೇನು? ಕುರ್ಚಿಯ ಮೇಲೆ ಕುಳಿತು, ಇತರರ ಭಕ್ತಿಯನ್ನೂ ಇತರರ ಶ್ರಮವನ್ನೂ ಚಹದ ಜೊತೆ ಚಪ್ಪರಿಸುವ ಈ ಮೂರನೆಯ ಜಾಗ ಪ್ರಾಮಾಣಿಕವಾದದ್ದೇ, ಅಥವಾ ನುಣುಚಿಕೊಳ್ಳುವ ಒಂದು ಉಪಾಯವೇ? ಈ ಪ್ರಶ್ನೆಯನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ನಮ್ಮ ಸಯನ್ನನ್ನೇ ತೆಗೆದುಕೊಳ್ಳೋಣ. ಇಲ್ಲಿನ ರೈಲ್ವೆ ನಿಲ್ದಾಣದ ಹೆಸರು ಇಂಗ್ಲಿಷಿನಲ್ಲಿ ಒಂದು, ಮರಾಠಿಯಲ್ಲಿ ಇನ್ನೊಂದು. ಮರಾಠಿಯಲ್ಲಿ ಅದು 'ಶೀವ್'. ಶೀವ್ ಎಂದರೆ ಎಲ್ಲೆ, ಗಡಿ. ನಮ್ಮ 'ಸೀಮೆ' ಶಬ್ದದ ಬಂಧು. ಹಿಂದೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ಆಚೆಗೆ ಸಾಷ್ಟಿ ದ್ವೀಪ. ಆದ್ದರಿಂದ ಇದು ಗಡಿಯ ಊರು ಎಂಬುದು ಒಂದು ವಿವರಣೆ. ಪೋರ್ತುಗೀಜರ ಕಾಲದಲ್ಲಿ ಇಲ್ಲಿದ್ದ ಜೆಸುಯಿಟ್ ಪಾದ್ರಿಗಳು ತಮ್ಮ ಪ್ರಾರ್ಥನಾಮಂದಿರಕ್ಕೆ ಜೆರುಸಲೇಮಿನ ಜಿಯಾನ್ ಗುಡ್ಡದ ಹೆಸರಿಟ್ಟರು, ಅದೇ ಸಯನ್ ಆಯಿತು ಎಂಬುದು ಇನ್ನೊಂದು. ಗುಡ್ಡವಂತೂ ಇದೆ. ಅದರ ಮೇಲೆ 1669 ಮತ್ತು 1677ರ ನಡುವೆ, ಜೆರಾಲ್ಡ್ ಆಂಜಿಯರ್ ಗವರ್ನರ್ ಆಗಿದ್ದಾಗ, ಇಂಗ್ಲಿಷರು ಕಟ್ಟಿಸಿದ ಕೋಟೆಯ ಅವಶೇಷವೂ ಇದೆ. ಕೋಟೆಗೆ ತೇದಿಯುಂಟು, ಹೆಸರಿಗೆ ಮಾತ್ರ 'ಅಂತೆ'ಯೇ ಗತಿ. ಕೋಳಿವಾಡದವರು ಒಂದು ಹೇಳಿದರೆ ಇಗರ್ಜಿಯ ಕಡೆಯವರು ಇನ್ನೊಂದು ಹೇಳುತ್ತಾರೆ. ಎರಡನ್ನೂ ಕೇಳುತ್ತ ನಿಂತ ನನ್ನಂಥ ಹಾವೇರಿ ಕಡೆಯವನಿಗೆ, ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕೆಂಬ ಒತ್ತಾಯವೇನೂ ಇಲ್ಲ. ಪ್ರತಿಯೊಂದು ಗುಂಪೂ ಈ ಊರಿನಲ್ಲಿ ತನಗೊಂದು ಬೇರಿದೆ ಎಂದು ಹೇಳಿಕೊಳ್ಳುವ ಬಗೆಯನ್ನು ಆ ಹೆಸರು ಕಾಪಾಡಿಕೊಂಡು ಬಂದಿದೆ ಎಂಬುದಷ್ಟು ತಿಳಿದರೆ ಸಾಕು.

'ಐತಿಹ್ಯ' ಎಂಬ ಶಬ್ದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. 'ಇತಿ ಹ', ಅಂದರೆ 'ಹೀಗಂತೆ' ಎಂಬುದೇ ಅದರ ಮೂಲ. ನಮ್ಮ ಹಿಂದಿನ ತಾರ್ಕಿಕರು ಜ್ಞಾನಕ್ಕೆ ಸಾಧನಗಳೆಷ್ಟು ಎಂದು ಲೆಕ್ಕ ಹಾಕುವಾಗ, ಪೌರಾಣಿಕರು ಐತಿಹ್ಯವನ್ನೂ ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಅದನ್ನು ಬೇರೆಯಾಗಿ ಎಣಿಸಲಿಲ್ಲ. ಬಲ್ಲವರ ಮಾತಾದರೆ ಅದು ಶಬ್ದಪ್ರಮಾಣದಲ್ಲಿಯೇ ಸೇರುತ್ತದೆ ಎಂದರು. ಈ ಚರ್ಚೆಯಲ್ಲಿ ಐತಿಹ್ಯಕ್ಕೆ ಅವರು ಕೊಡುವ ಲಕ್ಷಣ ಬಹು ಸ್ವಾರಸ್ಯವಾದದ್ದು: ಮೊದಲು ಹೇಳಿದವನಾರೆಂದು ಗೊತ್ತಿಲ್ಲದೆ, ಬಾಯಿಂದ ಬಾಯಿಗೆ ಬಂದ ಮಾತು. ಉದಾಹರಣೆಯೂ ಅಷ್ಟೇ ಸೊಗಸಾದದ್ದು; ಈ ಆಲದ ಮರದಲ್ಲಿ ಯಕ್ಷನೊಬ್ಬನಿದ್ದಾನಂತೆ ಎಂಬುದು. ಊರಿನ ಆಲದ ಮರದ ಕೆಳಗೆ ಮುಸ್ಸಂಜೆ ಹಾದುಹೋಗುವಾಗ ಹೆಜ್ಜೆ ಚುರುಕು ಮಾಡಿದ ಯಾರಿಗೂ ಈ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ.

ಮೊದಲು ಹೇಳಿದವನು ಗೊತ್ತಿಲ್ಲ ಎಂಬಲ್ಲಿಯೇ ನನ್ನ ಪ್ರಶ್ನೆಯ ಗಂಟು ಇದೆ. ಕಚೇರಿಯಲ್ಲಿ ನಮಗೆ ಮೊದಲ ದಿನದಿಂದ ಕಲಿಸುವ ಪಾಠವೆಂದರೆ, ಕಡತದಲ್ಲಿ ಬರೆದ ಟಿಪ್ಪಣಿಗೆ ಬರೆದವನ ಸಹಿ ಮತ್ತು ತಾರೀಖು ಇರಬೇಕು. ನಾಳೆ ಏನಾದರೂ ಎಡವಟ್ಟಾದರೆ 'ಇದನ್ನು ಹೇಳಿದವರಾರು?' ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಐತಿಹ್ಯವೆಂಬುದು ಸಹಿಯಿಲ್ಲದ ಟಿಪ್ಪಣಿ. ನೂರಾರು ವರ್ಷ, ಸಾವಿರಾರು ಬಾಯಿ ದಾಟಿ ಬಂದರೂ ಯಾರೂ ಅದಕ್ಕೆ ಹೊಣೆಯಲ್ಲ. ಹಾಗಾದರೆ ಇಂದು ಅದನ್ನು ಮತ್ತೆ ಹೇಳುವ ನಾನು ಹೊಣೆಯೇ, ಅಲ್ಲವೇ?

ನಮ್ಮ ಭಾಷೆ ಇದಕ್ಕೊಂದು ಉತ್ತರವನ್ನು ಹಿಂದೆಯೇ ಇಟ್ಟುಕೊಂಡಿದೆ. ಕನ್ನಡದ ಅಜ್ಜಿ ಕಥೆ ಹೇಳುವಾಗ "ಒಂದೂರಲ್ಲಿ ಒಬ್ಬ ರಾಜ ಇದ್ದ" ಎನ್ನುವುದಿಲ್ಲ, "ಇದ್ದನಂತೆ" ಎನ್ನುತ್ತಾಳೆ. ಈ 'ಅಂತೆ' ಸುಳ್ಳಲ್ಲ, ಸಾಕ್ಷಿಯೂ ಅಲ್ಲ. ನಾನು ಕಂಡಿಲ್ಲ, ಕೇಳಿದ್ದೇನೆ, ಕೇಳಿದ್ದನ್ನು ನಿನಗೆ ಒಪ್ಪಿಸುತ್ತಿದ್ದೇನೆ ಎಂಬಷ್ಟನ್ನು ಎರಡಕ್ಷರದಲ್ಲಿ ಅದು ಹೇಳಿ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಕಥೆ ಹೇಳಹೊರಟರೆ ಇಂಥ ಪ್ರತ್ಯಯ ಕೈಗೆ ಸಿಗುವುದಿಲ್ಲ. ನಂಬುವವನೂ ಅಲ್ಲದ, ಸಂಶೋಧಕನೂ ಅಲ್ಲದ ಆಸಕ್ತನಿಗೆ ನ್ಯಾಯವಾದ ಒಂದು ಜಾಗವಿದ್ದರೆ ಅದು ಈ 'ಅಂತೆ'ಯ ಒಳಗೇ ಇದೆಯೆಂದು ನನಗೆ ತೋರುತ್ತದೆ.

ಈ ಜಾಗದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಮುಂಬಯಿಯದೇ ಒಂದು ಕಥೆ ಹೇಳುತ್ತೇನೆ. ಮಹಾಲಕ್ಷ್ಮಿ ದೇವಸ್ಥಾನದಿಂದ ವರಳಿಯ ಕಡೆಗೆ ಹೋಗುವ ರಸ್ತೆಗೆ ಈಗ ಲಾಲಾ ಲಜಪತರಾಯ್ ಮಾರ್ಗವೆಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಸಮುದ್ರ ಒಳನುಗ್ಗುತ್ತಿತ್ತು. ಭರತದ ನೀರು ದ್ವೀಪದ ತಗ್ಗು ನೆಲವನ್ನೆಲ್ಲ ಕೆಸರು ಮಾಡಿಬಿಡುತ್ತಿತ್ತು. 1771ರಿಂದ 1784ರ ವರೆಗೆ ಗವರ್ನರನಾಗಿದ್ದ ವಿಲಿಯಮ್ ಹಾರ್ನ್‌ಬಿಯ ಹೆಸರಿನಲ್ಲಿ 'ಹಾರ್ನ್‌ಬಿ ವೆಲ್ಲಾರ್ಡ್' ಎಂಬ ಒಡ್ಡು ಅಲ್ಲಿ ಎದ್ದಿತು. ಇದಿಷ್ಟು ಚರಿತ್ರೆ. ಕಥೆ ಬೇರೆ. ಕಟ್ಟಿದ ಒಡ್ಡು ಮತ್ತೆ ಮತ್ತೆ ಕುಸಿಯುತ್ತಿತ್ತಂತೆ. ಕೆಲಸ ವಹಿಸಿಕೊಂಡಿದ್ದ ರಾಮಜಿ ಶಿವಜಿ ಎಂಬ ಪ್ರಭು ಜಾತಿಯ ಗುತ್ತೇದಾರನ ಕನಸಿನಲ್ಲಿ ದೇವಿ ಬಂದು, ನಾವು ಸಮುದ್ರದ ತಳದಲ್ಲಿದ್ದೇವೆ, ಮೊದಲು ನಮ್ಮನ್ನು ಮೇಲಕ್ಕೆತ್ತು ಎಂದಳಂತೆ. ಬಲೆ ಬೀಸಿದಾಗ ಮೂರು ವಿಗ್ರಹಗಳು ಸಿಕ್ಕವಂತೆ. ಆಮೇಲೆ ಒಡ್ಡು ನಿಂತಿತಂತೆ. ಇನ್ನೂ ಒಂದು ಬಾಲಂಗೋಚಿ ಇದೆ. ಈ ಖರ್ಚಿಗೆ ಕಂಪನಿಯ ಮೇಲಧಿಕಾರಿಗಳು ಒಪ್ಪದೆ ಹಾರ್ನ್‌ಬಿಯನ್ನು ಕೆಲಸದಿಂದ ತೆಗೆದು ಪತ್ರ ಕಳಿಸಿದರಂತೆ. ಅವನು ಅದನ್ನು ಒಡೆದು ಓದದೆ, ಒಡ್ಡು ಮುಗಿದ ಮೇಲೆ ಓದಿದನಂತೆ. ಕಡತ ನೋಡುವ ಯಾವ ಗುಮಾಸ್ತನಿಗೂ ಈ ಬಾಲಂಗೋಚಿ ಪ್ರಿಯವಾಗದೆ ಇರದು!

ನಾನು ಇದನ್ನು ನಂಬಬೇಕಾಗಿಲ್ಲ. ಕೆಸರಿನ ತಳದ ಮೇಲೆ, ಭರತ ಇಳಿತಗಳ ನಡುವೆ ಕಲ್ಲು ಸುರಿದರೆ ಅದು ಹಲವು ಸಲ ಕುಸಿಯುವುದು ಸಹಜವೆಂದು ಭೌತಶಾಸ್ತ್ರ ಹೇಳುತ್ತದೆ. ಆದರೆ ಕಥೆ ಹೇಳುವುದು ಇನ್ನೊಂದನ್ನು. ಸಮುದ್ರವನ್ನು ದಬ್ಬಿ ನೆಲ ಮಾಡಿಕೊಳ್ಳಹೊರಟವರು, ಅಲ್ಲಿ ಮೊದಲೇ ಇದ್ದವರನ್ನು ಕೇಳಬೇಕು, ಅವರಿಗೆ ಜಾಗ ಬಿಡಬೇಕು ಎಂಬ ಮಾತು ಅದರೊಳಗಿದೆ. ಅಂದಿನಿಂದ ಇಂದಿನವರೆಗೂ ಸಮುದ್ರ ತುಂಬುತ್ತಲೇ ಬಂದ ಈ ಶಹರದಲ್ಲಿ, ಅಂಥ ಮಾತನ್ನು ಯಾವ ಕಡತದಲ್ಲಿಯೂ ನಾನು ನೋಡಿಲ್ಲ. ಇಂಥ ಕಥೆಯನ್ನು 'ಅಂತೆ' ಹಚ್ಚಿ ಹೇಳಿದರೆ ಯಾರಿಗೂ ಮೋಸವಿಲ್ಲ, ಎಲ್ಲರಿಗೂ ಲಾಭವೇ.

ಆದರೆ ಇದೇ 'ಅಂತೆ'ಗೆ ಇನ್ನೊಂದು ಮುಖವಿದೆ. 'ಅಂತೆ ಕಂತೆಗಳ ಸಂತೆ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನೆರೆಮನೆಯವರ ಬಗ್ಗೆ ಅಪವಾದ ಹಬ್ಬಿಸುವವನೂ ಇದೇ ಪ್ರತ್ಯಯವನ್ನು ಹಚ್ಚುತ್ತಾನೆ. 2018ರಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರಂತೆ ಎಂಬ ಸುದ್ದಿ ಮೊಬೈಲ್ ಫೋನುಗಳ ಮೂಲಕ ದೇಶವೆಲ್ಲ ಹರಡಿತು. ಆ ವರ್ಷ ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯೀನಪಾಡಾ ಎಂಬ ಊರಿನ ಸಂತೆಯ ದಿನ ನಾಥಪಂಥಿ ದವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಜನ ಹೊಡೆದು ಕೊಂದರು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯಿಂದ, ಎಂದರೆ ನಮ್ಮ ಬಸವಣ್ಣನವರ ನೆನಪಿರುವ ನೆಲದಿಂದ, ಭಿಕ್ಷೆಗೆಂದು ಹೋಗಿದ್ದವರು ಅವರು. ಊರೂರು ಅಲೆಯುವ ಇಂಥವರು ನಮ್ಮ ನಾಡಿನಲ್ಲಿ ಎಷ್ಟು ಕಾಲ ಹಾಡು, ಕಥೆ, ಕಣಿಗಳನ್ನು ಮನೆಬಾಗಿಲಿಗೆ ಹೊತ್ತು ತಂದವರು! ಅವರ ಮೇಲೆಯೇ ಒಂದು ಸಹಿಯಿಲ್ಲದ ಕಥೆ ಎರಗಿತು.

ಜನಪದ ಕಥೆಗೂ ಗಾಳಿಸುದ್ದಿಗೂ ವ್ಯತ್ಯಾಸವೇನು ಎಂದು ನನ್ನನ್ನು ಯಾರಾದರೂ ಕೇಳಿದರೆ, ಎರಡೂ ಬಾಯಿಂದ ಬಾಯಿಗೆ ಬಂದವೇ, ಎರಡಕ್ಕೂ ಮೊದಲ ಒಡೆಯನಿಲ್ಲ ಎಂದು ಒಪ್ಪಲೇಬೇಕು. ವ್ಯತ್ಯಾಸವಿರುವುದು ಅವು ಕೇಳುವವನಿಂದ ಏನನ್ನು ಬಯಸುತ್ತವೆ ಎಂಬುದರಲ್ಲಿ. ಕಥೆ 'ಕೂತು ಕೇಳು' ಎನ್ನುತ್ತದೆ. ಗಾಳಿಸುದ್ದಿ 'ಏಳು, ಏನಾದರೂ ಮಾಡು' ಎನ್ನುತ್ತದೆ. ಯಾವ 'ಅಂತೆ' ನಮ್ಮನ್ನು ಇನ್ನೊಬ್ಬರ ಮೈಮೇಲೆ ಕೈ ಮಾಡಲು ಎಬ್ಬಿಸುತ್ತದೆಯೋ ಅದಕ್ಕೆ ಆ ಕ್ಷಣದಲ್ಲೇ ಸಾಕ್ಷಿ ಕೇಳಬೇಕು. ಅಲ್ಲಿ ಆಸಕ್ತಿ ಸಾಲದು. ಅಲ್ಲಿ ಸಹಿ ಬೇಕು, ತಾರೀಖು ಬೇಕು.

ಈ ಭೇದವನ್ನು ಮನೆಯಲ್ಲಿ ಮಕ್ಕಳಿಗೆ ತಿಳಿಸುವುದು ಹೇಗೆ? 2022ರ ಅಕ್ಟೋಬರ್ 25ರಂದು, ದೀಪಾವಳಿಯ ಲಕ್ಷ್ಮೀಪೂಜೆಯ ಮರುದಿನ, ಮುಂಬಯಿಯಲ್ಲಿ ಖಂಡಗ್ರಾಸ ಸೂರ್ಯಗ್ರಹಣ ಕಂಡಿತು. ಗ್ರಹಣ ಬಿಡುವ ಮೊದಲೇ ಸೂರ್ಯ ಮುಳುಗಿದ. ನಮ್ಮ ಅವ್ವ ಮಧ್ಯಾಹ್ನದಿಂದ ನೀರನ್ನೂ ಮುಟ್ಟದೆ ಕುಳಿತು ಮೊಮ್ಮಗಳಿಗೆ ರಾಹುವಿನ ಕಥೆ ಹೇಳಿದಳು. ದೇವತೆಗಳ ಪಂಕ್ತಿಯಲ್ಲಿ ವೇಷ ಮರೆಸಿಕೊಂಡು ಕುಳಿತು ಅಮೃತ ಕುಡಿದದ್ದು, ಸೂರ್ಯಚಂದ್ರರು ಅದನ್ನು ವಿಷ್ಣುವಿಗೆ ಹೇಳಿಬಿಟ್ಟದ್ದು, ತಲೆ ಕಡಿದರೂ ಅಮೃತ ಗಂಟಲಿನವರೆಗೆ ಇಳಿದಿದ್ದರಿಂದ ತಲೆ ಸಾಯದೆ ಉಳಿದದ್ದು, ಅಂದಿನಿಂದ ಹಗೆ ಸಾಧಿಸಿ ನುಂಗುತ್ತಿರುವುದು ಎಲ್ಲವನ್ನೂ ಹೇಳಿದಳು. "ಹೊಟ್ಟಿನ ಇಲ್ಲದಾಂವ ನುಂಗಿದ್ರ ನಿಂದರೂದರ ಎಲ್ಲೆ? ಕುತ್ತಿಗ್ಯಾಗಿಂದ ಹೊರಗ ಬೀಳ್ತಾನ" ಎಂದು ಅವಳು ಹೇಳಿದಾಗ, ಗ್ರಹಣ ಹಿಡಿಯುವುದಕ್ಕಷ್ಟೇ ಅಲ್ಲ, ಬಿಡುವುದಕ್ಕೂ ಆ ಕಥೆ ಕಾರಣ ಒದಗಿಸಿದೆಯಲ್ಲ ಎಂದು ಬೆರಗಾದೆ. ಮಗಳು ನನ್ನ ಹತ್ತಿರ ಬಂದು "ಅಪ್ಪಾ, ಅಜ್ಜಿ ಹೇಳಿದ್ದು ಖರೇನಾ?" ಎಂದಳು.

ಆರ್ಯಭಟ ಕ್ರಿ.ಶ. 499ರಲ್ಲಿಯೇ ಗ್ರಹಣವೆಂದರೆ ನೆರಳು ಎಂದು ಬರೆದಿಟ್ಟಿದ್ದಾನೆ. ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ. ರಟ್ಟಿನಲ್ಲಿ ಸೂಜಿಯ ತೂತು ಮಾಡಿ, ಕಚ್ಚಿದ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಮಗಳಿಗೆ ತೋರಿಸಿದೆ. "ಇದು ಆದದ್ದು. ಅಜ್ಜಿ ಹೇಳಿದ್ದು ಕಥೆ. ಕಥೆಯನ್ನು ಖರೆಯೋ ಸುಳ್ಳೋ ಎಂದು ಕೇಳಬೇಡ, ಚೆನ್ನಾಗಿದೆಯೋ ಇಲ್ಲವೋ ಹೇಳು" ಎಂದೆ. ಚಾಡಿ ಹೇಳಿದ್ದಕ್ಕೆ ಸೂರ್ಯನಿಗೆ ಇಷ್ಟು ಶಿಕ್ಷೆಯೇ ಎಂದು ಅವಳು ಕೇಳಿದಳು. ಕಳ್ಳನನ್ನು ತೋರಿಸಿಕೊಟ್ಟವನ ಪಾಡು ಏನಾಗುತ್ತದೆಂಬುದು ಆಫೀಸಿಗೆ ಹೋಗುವವರಿಗೆಲ್ಲ ಗೊತ್ತು. ಮಗುವಿಗೆ ಕಥೆಯಿಂದಲೇ ತಿಳಿಯಿತು.

ಅವ್ವ ಇನ್ನೂ ಒಂದು ಮಾತು ಹೇಳಿದ್ದಳು. ಗ್ರಹಣ ಹಿಡಿದಾಗ ಮಾತ್ರ ಒನಕೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಎಂದು. ಇದು ಕಥೆಯಲ್ಲ, ಹೇಳಿಕೆ. ಹೇಳಿಕೆಯನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಸರಕಾರಿ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಒನಕೆ ಎಲ್ಲಿಂದ ಬರಬೇಕು? ಏಲಕ್ಕಿ ಕುಟ್ಟುವ ಕುಟ್ಟಾಣಿಯ ಗುಂಡನ್ನೇ ಮಗಳು ತಟ್ಟೆಯ ನೀರಿನಲ್ಲಿ ನಿಲ್ಲಿಸಿದಳು, ನಿಂತಿತು. ಮುಂದಿನ ಭಾನುವಾರ ಗ್ರಹಣವಿಲ್ಲದಾಗಲೂ ನಿಲ್ಲಿಸಿದಳು, ಆಗಲೂ ನಿಂತಿತು. ತಳ ಸಮನಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. "ಹಂಗಾದ್ರ ದಿನಾ ಗ್ರಹಣಾನ ಅಂದಂಗಾತು" ಎಂದು ಅವ್ವ ನಕ್ಕಳು. ಒನಕೆಯ ಮಾತು ಬಿದ್ದುಹೋಯಿತು. ರಾಹುವಿನ ಕಥೆಗೆ ಕೂದಲು ಕೂಡ ಕೊಂಕಲಿಲ್ಲ.

ಇದು ಮನೆಯೊಳಗಿನ ವಿನೋದದ ಮಾತಾಯಿತು. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತದಂತೆ ಎಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಪತ್ರಿಕೆಗಳಲ್ಲಿ ಚಿತ್ರಗಳೂ ಬಂದವು. ಆ ತಂದೆತಾಯಿಗಳು ಕ್ರೂರಿಗಳಲ್ಲ. ವೈದ್ಯರಿಂದ ಸಮಾಧಾನದ ಮಾತು ಸಿಗದೆ ಕೊನೆಗೆ 'ಅಂತೆ'ಗೆ ಜೋತುಬಿದ್ದವರಿರಬೇಕು. ಆದರೂ ಅಳುವ ಮಗುವಿನ ಮುಂದೆ ನಿಂತು, ಇದು ನಮ್ಮ ಜನಪದ, ಇದರಲ್ಲಿ ಎಷ್ಟು ಸ್ವಾರಸ್ಯವಿದೆ ಎಂದು ಬರೆದುಕೊಳ್ಳುವ ಆಸಕ್ತನಿದ್ದರೆ ಅವನ ಆಸಕ್ತಿಗೆ ಧಿಕ್ಕಾರವಿರಲಿ. ಎಲ್ಲಿ ಒಂದು ಜೀವ ನೋಯುತ್ತಿದೆಯೋ ಅಲ್ಲಿ ಕೇಳುಗನಾಗಿ ಉಳಿಯುವ ಹಕ್ಕು ಯಾರಿಗೂ ಇಲ್ಲ.

ಇನ್ನು, ನೋವು ನಮ್ಮ ಕಣ್ಣ ಮುಂದಿಲ್ಲ, ಕಥೆಯೊಳಗೇ ಇದೆ ಎಂದಾದರೆ? 'ಕೆರೆಗೆ ಹಾರ' ಎಂಬ ಕಥನಗೀತೆ ನಮ್ಮಲ್ಲಿ ಬಹುಮಂದಿಗೆ ಪರಿಚಿತ. ಶಾಲೆಯಲ್ಲಿ ಓದಿದವರೂ ಇದ್ದಾರೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಹೊತ್ತಗೆ ನೋಡಿದವರು ಸೊಸೆಯೊಬ್ಬಳನ್ನು ಬಲಿ ಕೊಡಬೇಕೆನ್ನುತ್ತಾರೆ. ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬರುತ್ತದೆ. ತವರಿಗೆ ಹೋಗುತ್ತಾಳೆ, ಹೆತ್ತವರಿಗೆ ಬಾಯಿಬಿಟ್ಟು ಹೇಳಲಾರದೆ ಗೆಳತಿಗೆ ಮಾತ್ರ ಹೇಳುತ್ತಾಳೆ. ಪೂಜೆ ಮುಗಿಸಿ ಹೊರಟವರು ಬಂಗಾರದ ಬಟ್ಟಲು ಮರೆತೆವೆಂಬ ನೆಪ ಮಾಡಿ ಅವಳೊಬ್ಬಳನ್ನೇ ಹಿಂದಕ್ಕೆ ಕಳಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ನೀರು ಮೇಲೇರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿಬಂದು, ವಿಷಯ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಇಂಥ ಕಥೆ ನಮ್ಮದೊಂದೇ ಅಲ್ಲ. ಗ್ರೀಸಿನ ಆರ್ಟಾ ಸೇತುವೆ, ಸರ್ಬಿಯನ್ನರ ಹಾಡಿನ ಸ್ಕಾದರ್ ಕೋಟೆ, ರುಮೇನಿಯದ ಮೇಸ್ತ್ರಿ ಮನೋಲೆ ಕಟ್ಟಿದ ಮಠ, ಎಲ್ಲ ಕಡೆಯೂ ಕಟ್ಟಡ ನಿಲ್ಲಲೆಂದು ಹೆಂಗಸೊಬ್ಬಳನ್ನು ಗೋಡೆಯಲ್ಲಿ ಇಟ್ಟು ಕಟ್ಟುತ್ತಾರೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1996ರಲ್ಲಿ ಈ ಒಂದು ಕಥೆಯ ಮೇಲೆಯೇ ಹಲವರ ಲೇಖನಗಳ ಒಂದು ಸಂಪುಟ ಹೊರತಂದ. ಎಲ್ಲ ಕಡೆಯೂ ಸಾಯುವವಳು ಹೊರಗಿನಿಂದ ಬಂದ ಸೊಸೆ ಅಥವಾ ಹೆಂಡತಿಯೇ ಆಗಿರುವುದನ್ನು ಗಮನಿಸಬೇಕು.

ಈ ಕಥೆಯನ್ನು ಎರಡು ವಿಧದಲ್ಲಿ ಕೆಡಿಸಬಹುದು. ಭಾಗೀರಥಿಯನ್ನು ಊರಿಗಾಗಿ ನಗುನಗುತ್ತ ಪ್ರಾಣ ಕೊಟ್ಟ ತ್ಯಾಗಮಯಿ ಎಂದು ಹೊಗಳಿ ಅರಿಶಿನ ಕುಂಕುಮ ಹಚ್ಚಿ ಮುಗಿಸುವುದು ಒಂದು ವಿಧ. ಹೆಂಗಸನ್ನು ಕೊಲ್ಲುವ ಕಥೆ, ಮಕ್ಕಳ ಕಿವಿಗೆ ಬೀಳಬಾರದು ಎಂದು ಮುಚ್ಚಿಬಿಡುವುದು ಇನ್ನೊಂದು. ಎರಡೂ ವಿಧದಲ್ಲಿ ನಾವು ಹಾಡಿದವರ ಮಾತನ್ನು ಕೇಳಿದಂತಾಗಲಿಲ್ಲ. ಹಾಡು ಗೌಡನ ಕೆರೆಯನ್ನು ಹೊಗಳಿ ಮುಗಿಯುವುದಿಲ್ಲ. ಅವನ ಮಗನೂ ಅದರಲ್ಲಿ ಮುಳುಗುವುದರೊಂದಿಗೆ ಮುಗಿಯುತ್ತದೆ. ಸೊಸೆಯನ್ನು ಕೊಟ್ಟು ಪಡೆದ ನೀರು ಮಗನನ್ನೂ ತೆಗೆದುಕೊಂಡಿತು ಎಂಬ ಲೆಕ್ಕವನ್ನು ಹಾಡು ಬಾಯಿಬಿಟ್ಟು ಹೇಳದೆ ಹಾಕಿ ತೋರಿಸುತ್ತದೆ. ಬೀಸುತ್ತ ಕುಟ್ಟುತ್ತ ಹಾಡುತ್ತಿದ್ದ ಹೆಂಗಸರಿಗೆ ಅತ್ತೆಮಾವಂದಿರ ಎದುರಿಗೆ ಆಡಲಾರದ ಪ್ರಶ್ನೆಯನ್ನು ಇಡಲು ಹಾಡೊಂದೇ ಜಾಗವಾಗಿತ್ತೇನೋ. ಆದ್ದರಿಂದ ಇಂಥ ಕಥೆಯನ್ನು ಹೇಳಬೇಕು, ತಿದ್ದದೆ ಹೇಳಬೇಕು, ಹೇಳಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಕುಳಿತು ಉತ್ತರ ಕೊಡಬೇಕು. ಅಷ್ಟು ಬಿಡುವಿಲ್ಲದವರು ಈ ಕಥೆಯನ್ನು ಎತ್ತಿಕೊಳ್ಳದಿರುವುದೇ ಲೇಸು.

ಇನ್ನುಳಿದದ್ದು ಕಥೆ ಯಾರದು ಎಂಬ ಪ್ರಶ್ನೆ. ಇದಕ್ಕೆ ಮುಂಬಯಿಯೇ ಒಂದು ಹಳೆಯ ದೃಷ್ಟಾಂತ ಒದಗಿಸುತ್ತದೆ. ಮುಂಬಯಿ ಗವರ್ನರ್ ಸರ್ ಬಾರ್ಟಲ್ ಫ್ರಿಯರನ ಮಗಳು ಮೇರಿ ಫ್ರಿಯರ್ 1868ರಲ್ಲಿ ಲಂಡನ್ನಿನಲ್ಲಿ 'ಓಲ್ಡ್ ಡೆಕ್ಕನ್ ಡೇಸ್' ಎಂಬ ಕಥಾಸಂಗ್ರಹವನ್ನು ಪ್ರಕಟಿಸಿದಳು. ಭಾರತದ ಜನಪದ ಕಥೆಗಳನ್ನು ಇಂಗ್ಲಿಷಿಗೆ ಕೊಟ್ಟ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ತಂದೆಯ ಜೊತೆ ದಖ್ಖನಿನ ಪ್ರವಾಸದಲ್ಲಿದ್ದಾಗ ಆ ಕಥೆಗಳನ್ನು ಅವಳಿಗೆ ಹೇಳಿದವಳು ಮನೆಯ ಆಯಾ, ಅನ್ನಾ ಲಿಬೆರಾತಾ ಡಿಸೋಜಾ. ಅನ್ನಾಳ ಹಿರಿಯರು ಲಿಂಗಾಯತರು. ಗೋವೆಯ ಕಡೆಗೆ ಬಂದು ನೆಲೆಸಿದ ಮೇಲೆ ಅಜ್ಜನ ಕಾಲದಲ್ಲಿ ಕ್ರೈಸ್ತರಾದವರು. ಮತ ಬದಲಾಯಿತು, ಊರು ಬದಲಾಯಿತು, ಭಾಷೆಯೂ ಬದಲಾಯಿತು. ಅಜ್ಜಿ ಹೇಳಿದ ಕಥೆಗಳು ಮಾತ್ರ ಅವಳ ಜೊತೆಗೇ ಬಂದವು. ಪುಸ್ತಕದ ಮೇಲೆ ಇರುವುದು ಮೇರಿಯ ಹೆಸರು. ಆದರೆ ಒಳಗೆ ಅನ್ನಾ ತನ್ನ ಬದುಕಿನ ಬಗ್ಗೆ ತಾನೇ ಹೇಳಿಕೊಂಡ ಕಥೆಯನ್ನೂ ಮೇರಿ ಅಚ್ಚು ಹಾಕಿಸಿದಳು. ಆಳುವವರ ಮಗಳು ಆಯಾಳ ಹೆಸರನ್ನು ಅಳಿಸಲಿಲ್ಲ ಎಂಬುದು ಅಂದಿನ ದಿನಗಳಲ್ಲಿ ಸಣ್ಣ ಮಾತಲ್ಲ. ಇಂದು ಯೂಟ್ಯೂಬಿನಲ್ಲಿ ಜನಪದ ಹಾಡು ಹಾಕಿ, ಹಾಡಿದವಳ ಹೆಸರನ್ನಾಗಲಿ ಊರನ್ನಾಗಲಿ ಹೇಳದ ನಮ್ಮವರು ಇದನ್ನು ನೆನೆಯಬೇಕು.

ಇದರ ಜೊತೆಗೆ ಶಿವರಾಮ ಕಾರಂತರನ್ನೂ ನೆನೆಯಬೇಕು. ದೇವರಲ್ಲಿ ತಮಗೆ ನಂಬಿಕೆಯಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದವರು ಅವರು. ಆದರೂ ರಾತ್ರಿಯಿಡೀ ದೇವದಾನವರನ್ನು ಕುಣಿಸುವ ಯಕ್ಷಗಾನಕ್ಕಾಗಿ ಜೀವಮಾನದ ದೊಡ್ಡ ಭಾಗವನ್ನೇ ಕೊಟ್ಟರು. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದಾಗ ಅವರಿಗೆ ಯಾವ ವಿಶ್ವವಿದ್ಯಾಲಯದ ಬೆಂಬಲವಿತ್ತು? ನಂಬದೆಯೂ ಗೌರವಿಸಬಹುದು, ಪದವಿಯಿಲ್ಲದೆಯೂ ದುಡಿಯಬಹುದು ಎಂಬುದಕ್ಕೆ ಇವರೇ ಸಾಕ್ಷಿ. 2022ರಲ್ಲಿ 'ಕಾಂತಾರ' ಚಲನಚಿತ್ರ ಬಂದ ಮೇಲೆ ಚಿತ್ರಮಂದಿರಗಳಲ್ಲಿ, ವೇಷಸ್ಪರ್ಧೆಗಳಲ್ಲಿ ದೈವದ ಅನುಕರಣೆ ನಡೆದಾಗ ತುಳುನಾಡಿನ ದೈವಾರಾಧಕರು ನೊಂದು ಆಕ್ಷೇಪಿಸಿದರು. ಅದೇ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಚಪ್ಪಾಳೆ ತಟ್ಟಿದ ನಮ್ಮಲ್ಲಿ ಎಷ್ಟು ಜನ, ಮಡಲಿನ ಉಡುಗೆ ಬಿಚ್ಚಿದ ಮೇಲೆ ಆ ಮನುಷ್ಯ ಹೇಗೆ ಬದುಕುತ್ತಾನೆಂದು ಕೇಳಿದ್ದೆವು? ನೆರೆಯ ಮನೆಯವರಿಗೆ ಆರಾಧನೆಯಾಗಿರುವುದು ನನಗೆ ಆಸಕ್ತಿಯ ವಿಷಯವಾದಾಗ, ಅವರ ಅಂಗಳಕ್ಕೆ ಹೋಗುವ ಮುನ್ನ ಚಪ್ಪಲಿ ಕಳಚುವ ಸೌಜನ್ಯವಾದರೂ ನನಗಿರಬೇಕು.

ಕಥೆ ಕೇಳಿ ಸಂತೋಷಪಡುವುದಕ್ಕೆ ಇಷ್ಟೆಲ್ಲ ಲೆಕ್ಕಾಚಾರ ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಊರಲ್ಲಿ ಇದ್ದಿದ್ದರೆ ಬೇಕಾಗುತ್ತಿರಲಿಲ್ಲ. ಅಲ್ಲಿ ಕಥೆಯ ಸುತ್ತ ಆ ಕೆರೆಯಿತ್ತು, ಆ ಗುಡಿಯಿತ್ತು, ತಪ್ಪು ಹೇಳಿದರೆ "ಹಂಗಲ್ಲೋ ತಮ್ಮಾ" ಎಂದು ತಿದ್ದುವ ಹತ್ತು ಜನರಿದ್ದರು. ಇಲ್ಲಿ ನಮ್ಮ ಮಕ್ಕಳಿಗೆ ಕೆರೆಯೆಂದರೆ ಸಯನ್ನಿನ ತಲಾವು, ಆಲದ ಮರವೆಂದರೆ ಬಸ್ ನಿಲ್ದಾಣದ ಗುರುತು. ಊರನ್ನು ಬಿಟ್ಟುಬಂದ ಕಥೆಗೆ ಹೇಳುವವನೊಬ್ಬನೇ ದಿಕ್ಕು. ಅವನು ಅಲಂಕರಿಸಿದರೆ ಅದೇ ಉಳಿಯುತ್ತದೆ. ಅವನು ಸುಮ್ಮನಾದರೆ ಏನೂ ಉಳಿಯುವುದಿಲ್ಲ.

ಸುಮ್ಮನಾಗುವುದರ ಬಗ್ಗೆಯೂ ಕನ್ನಡದ್ದೇ ಒಂದು ಕಥೆಯುಂಟು. ಎ. ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಇಂಗ್ಲಿಷ್ ಬಲ್ಲ ಜಗತ್ತಿಗೆಲ್ಲ ಪರಿಚಯಿಸಿದರು. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದ ಆರಂಭದಲ್ಲಿಯೂ ಅದರ ಛಾಯೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವಂತೆ. ಅವಳು ಯಾರಿಗೂ ಹೇಳಲಿಲ್ಲವಂತೆ. ಒಳಗೇ ಉಸಿರುಗಟ್ಟಿದ ಅವೆರಡೂ ಅವಳು ನಿದ್ದೆಯಲ್ಲಿದ್ದಾಗ ಬಾಯಿಂದ ಹೊರಬಿದ್ದು, ಒಂದು ಜೋಡಾಗಿ ಬಾಗಿಲಲ್ಲಿ ಕುಳಿತಿತಂತೆ, ಇನ್ನೊಂದು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತಂತೆ. ಮನೆಗೆ ಬಂದ ಗಂಡ ನೋಡಿ, ಯಾರು ಬಂದಿದ್ದರೆಂದು ಜಗಳ ತೆಗೆದು, ಮುನಿದು ಹೋಗಿ ಹನುಮಂತನ ಗುಡಿಯಲ್ಲಿ ಮಲಗಿದನಂತೆ. ರಾತ್ರಿ ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದಾಗ, ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತಂತೆ. ಗಂಡ ಮನೆಗೆ ಹೋಗಿ ಕೇಳಿದರೆ, ಅವಳಿಗೆ ಆ ಕಥೆಯೂ ಹಾಡೂ ಮರೆತೇ ಹೋಗಿದ್ದವಂತೆ.

ನಮ್ಮ ಮುಂಬಯಿಯ ಎಷ್ಟೋ ಮನೆಗಳ ಸ್ಥಿತಿ ಇದೇ ಅಲ್ಲವೇ? ಊರಿಂದ ಬಂದ ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕುಳಿತು ಅರ್ಥವಾಗದ ಧಾರಾವಾಹಿ ನೋಡುತ್ತಾಳೆ. ಮೊಮ್ಮಕ್ಕಳಿಗೆ ಕನ್ನಡ ಸಾಲದು, ಅವಳಿಗೆ ಹಿಂದಿ ಸಾಲದು. ಅವಳೊಳಗಿನ ಕಥೆ ಜೋಡಾಗಿ ಅಂಗಿಯಾಗಿ ಬಾಗಿಲಲ್ಲಿ ಕಾದಿದೆ. ಅವಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಯಾವ ಪದವಿಯೂ ಬೇಡ. ಒಂದು ನೋಟುಬುಕ್ಕು, ಒಂದು ಭಾನುವಾರದ ಮಧ್ಯಾಹ್ನ ಸಾಕು. ಹೇಳಿದವರ ಹೆಸರು, ಅವರು ಯಾರಿಂದ ಕೇಳಿದರು, ಯಾವ ಊರು, ಯಾವ ತಾರೀಖು ಎಂಬುದನ್ನು ಮೇಲೆ ಬರೆಯಬೇಕು. ಕೆಳಗೆ ಬರೆದುಕೊಂಡವರ ಸಹಿ ಹಾಕಬೇಕು. ಮಾತನ್ನು ಅವರು ಆಡಿದಂತೆಯೇ ಇಡಬೇಕು, ಗ್ರಾಂಥಿಕಕ್ಕೆ ತಿದ್ದಬಾರದು. ಆಸಕ್ತನು ತೆತ್ತಿದ್ದೇನು ಎಂದು ಆರಂಭದಲ್ಲಿ ಕೇಳಿದ್ದೆನಲ್ಲ, ತೆರಬೇಕಾದದ್ದು ಇಷ್ಟು.

ಕನ್ನಡದ ಕಥೆಗಳಷ್ಟೇ ಸಾಲದೆಂಬ ಮಾತನ್ನೂ ಸೇರಿಸಲೇ? ನಮ್ಮ ಕಟ್ಟಡದ ಕೆಳಗಿನ ಅಂತಸ್ತಿನ ಮರಾಠಿ ಅಜ್ಜಿಗೂ, ಸಯನ್ ಕೋಳಿವಾಡದ ಮೀನಿನವಳಿಗೂ, ಧಾರಾವಿಯ ಗುಜರಾತಿ ಕುಂಬಾರನಿಗೂ ಒಂದೊಂದು ಕಥೆ ಗೊತ್ತಿದೆ. ನಾವು ನಮ್ಮ ಕಥೆ ಕೊಟ್ಟರೆ ಅವರೂ ಕೊಡುತ್ತಾರೆ. ಗಡಿ ಎಂದೇ ಹೆಸರಾದ ಊರಿನಲ್ಲಿ ವಾಸವಾಗಿರುವ ನಮಗೆ ಈ ಕೊಡುಕೊಳ್ಳುವಿಕೆ ಸುಲಭವಾಗಬೇಕು. ಹೀಗೆ ಬರೆದುಕೊಂಡದ್ದನ್ನು ವಾಚಕರು ಈ ಪತ್ರಿಕೆಗೆ ಕಳಿಸಿದರೆ ಸಂಪಾದಕರು ಒಂದು ಪುಟ ಬಿಟ್ಟುಕೊಡುತ್ತಾರೆಂದು ನಂಬಿದ್ದೇನೆ. ಕಳಿಸುವಾಗ ಹೇಳಿದವರ ಒಪ್ಪಿಗೆ ಪಡೆಯುವುದನ್ನು ಮಾತ್ರ ಮರೆಯಬೇಡಿ.